ಮಲೆನಾಡಿನ ಹಿಡುವಳಿದಾರರು ಟ್ಯಾಬ್ಲೆಟ್ ಕಂಪ್ಯೂಟರನ್ನು ಕೊಳ್ಳಬೇಕೆ?

ಟ್ಯಾಬ್ಲೆಟ್ ಕಂಪ್ಯೂಟರೆಂಬ ಹಲಗೆಯಾಕಾರದ ಯಂತ್ರವನ್ನು ಕೊಳ್ಳುವುದು ಯುಕ್ತವೋ ಅಲ್ಲವೋ ಎಂಬ ಪ್ರಶ್ನೆಯು ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಹಿಡುವಳಿದಾರರಲ್ಲಿ ಈಚೆಗೆ ಏಳುತ್ತಿರುವುದು ಸಹಜವೇ ಆಗಿದೆ. ಪಟ್ಟಣಗಳಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಹಬ್ಬಕ್ಕೆ ಬಂದಾಗ ಒಂದನ್ನು ತಂದುಕೊಡುವುದಾಗಿ ಹೇಳುತ್ತಾರೆ. ಮನೆಯ ಹಿರಿಯರು, ಕೈಯಲ್ಲಿ ಫೋನೊಂದಿರುವಾಗ ಈ ವಯಸ್ಸಿನಲ್ಲಿ ಇನ್ನೊಂದು ಏತಕ್ಕೆಂದು ಕೇಳುತ್ತಾರೆ. ಅಂಗಡಿಯವನು ಹೇಳುವ ಮಾತು ಮೂರನೆಯದು. ಅದನ್ನು ಇಲ್ಲಿ ವಿವರಿಸಬೇಕಾದುದಿಲ್ಲ. ಈ ವಿಷಯದಲ್ಲಿ ನಮಗೆ ತೋರಿದುದನ್ನು ಗ್ರಾಮದ ಮುಖಂಡರ ಮತ್ತು ಭೂಮಾಲಿಕರ ಗಮನಕ್ಕೆ ತರುವುದು ಅಪ್ರಸ್ತುತವಾಗಲಾರದು.

ಇಂತಹ ಯಂತ್ರವು ಕನ್ನಡ ನಾಡಿಗೆ ಪೂರ್ತಿ ಹೊಸದೇನೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ವಿದ್ವಾಂಸರೂ ಎನ್‌ಕೋರ್ ಎಂಬ ಕಂಪನಿಯ ಇಂಜಿನಿಯರುಗಳೂ ಕೂಡಿ, ಓದುಬರಹ ಬಾರದವರಿಗೂ ಉಪಯೋಗವಾಗಲೆಂದು ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕಯಂತ್ರವನ್ನು ರೂಪಿಸಿದರು. ಅದಕ್ಕಾಗಿ ೧೯೯೯ರಲ್ಲಿ ಒಂದು ಟ್ರಸ್ಟು ಸ್ಥಾಪಿತವಾಯಿತು. ೨೦೦೪ರಲ್ಲಿ ಯಂತ್ರವು ಅಂಗಡಿಗಳಿಗೆ ಬಂದಿತು. ಕಡ್ಡಿಯಿಂದ ಅದರ ಗಾಜನ್ನು ಮುಟ್ಟಿದರೆ ಕೆಲಸ ನಡೆಯುತ್ತಿತ್ತು. ನಮ್ಮ ರಾಜ್ಯದ ಭೂದಾಖಲೆಯ ಕೆಲಸದಲ್ಲಿಯೂ ಅದನ್ನು ಉಪಯೋಗಿಸಿದ್ದುಂಟು. ಆದರೆ ಅಗ್ಗದ ಮೊಬೈಲ್ ಫೋನುಗಳ ಮುಂದೆ ಅದು ನಿಲ್ಲಲಿಲ್ಲ. ಬಳಿಕ ೨೦೧೧ರಲ್ಲಿ ವಿದ್ಯಾರ್ಥಿಗಳಿಗಾಗಿ 'ಆಕಾಶ್' ಎಂಬ ಅತ್ಯಲ್ಪ ಬೆಲೆಯ ಟ್ಯಾಬ್ಲೆಟ್ಟನ್ನು ಕೇಂದ್ರ ಸರ್ಕಾರದವರು ಹೊರತಂದರು. ಅದರ ಮಂದಗತಿಯನ್ನು ಕುರಿತ ದೂರುಗಳನ್ನು ಆಗ ಪತ್ರಿಕೆಗಳಲ್ಲಿ ಓದಿದವರು ಈಗಲೂ ಮರೆತಿರಲಾರರು. ಕೇವಲ ಬೆಲೆಯನ್ನು ನೋಡಿ ಕೊಂಡವನಿಗೆ ಇಂತಹ ಯಂತ್ರದಿಂದ ಉಳಿತಾಯವಾಗುವುದಿಲ್ಲವೆಂದು ಹೇಳುವುದಕ್ಕೆ ಇಷ್ಟನ್ನು ಬರೆದೆವು.

ಹಾಗಾದರೆ ಈ ಪ್ರಶ್ನೆ ಈಗ ಏತಕ್ಕೆ ಮುಖ್ಯವಾಯಿತು? ಪಟೇಲ ಶಾನುಭೋಗರ ಕಾಲದಲ್ಲಿ ಜಮೀನಿನ ಬೆಳೆಯನ್ನು ಕಂಡು ಬರೆಯುವವನು ಊರಿನವನೇ ಆಗಿದ್ದನು. ೧೯೬೧ರ ಕಾಯಿದೆಯಿಂದ ಆ ಹುದ್ದೆಗಳು ರದ್ದಾದುವು. ೨೦೦೦ನೆಯ ಇಸವಿಯ ಸುಮಾರಿನಲ್ಲಿ 'ಭೂಮಿ' ಯೋಜನೆಯು ಬಂದು, ಕೈಬರಹದ ಪಹಣಿಯು ಹೋಗಿ ಕಂಪ್ಯೂಟರಿನ ಪಹಣಿಯು ನಿಂತಿತು. ೨೦೨೦ರ ಮುಂಗಾರಿನಿಂದ ರೈತನು ತನ್ನ ಬೆಳೆಯನ್ನು ತಾನೇ ಆ್ಯಪಿನಲ್ಲಿ ದಾಖಲು ಮಾಡಬಹುದೆಂದು ಸರ್ಕಾರದವರು ಅವಕಾಶ ಮಾಡಿದರು. ಅವನು ಮಾಡದಿದ್ದ ಕಡೆ ಸಮೀಕ್ಷೆಗಾಗಿ ನೇಮಿಸಿದ ಸ್ಥಳೀಯ ಯುವಕರು ಬಂದು ಮಾಡುತ್ತಾರೆ. ಹೀಗೆ ಬರೆದದ್ದೇ ಪಹಣಿಯ ಬೆಳೆ ಕಾಲಮಿಗೆ ಆಧಾರ. ಬೆಳೆ ವಿಮೆಗೂ ನಷ್ಟ ಪರಿಹಾರಕ್ಕೂ ಅದನ್ನೇ ನೋಡುತ್ತಾರೆ.

ಬಯಲುಸೀಮೆಯ ರಾಗಿಯ ಹೊಲಕ್ಕಿಂತ ನಮ್ಮ ತೋಟಗಳ ಸ್ಥಿತಿ ಬೇರೆ. ಅಡಿಕೆಯ ಮರ, ಅದಕ್ಕೆ ಹಬ್ಬಿದ ಮೆಣಸು, ನಡುವೆ ಕಾಫಿ, ಅಂಚಿನಲ್ಲಿ ಬಾಳೆ. ಒಂದೇ ಸರ್ವೆ ನಂಬರಿನ ಕೆಳಭಾಗದಲ್ಲಿ ಗದ್ದೆ, ಮೇಲ್ಭಾಗದಲ್ಲಿ ತೋಟ. ಅವಸರದಲ್ಲಿ ಬಂದವನು ರಸ್ತೆಯ ಬದಿಯ ಗದ್ದೆಯನ್ನು ನೋಡಿ ಇಡೀ ನಂಬರಿಗೆ ಭತ್ತವೆಂದು ಬರೆದುಬಿಟ್ಟರೆ, ಅಡಿಕೆಗೆ ವಿಮೆಯ ಕಂತು ಕಟ್ಟಿದವನ ಗತಿಯೇನು? ವಿಮೆಗೆ ನಮೂದಾದ ಬೆಳೆಯೂ ಸಮೀಕ್ಷೆಯ ಬೆಳೆಯೂ ತಾಳೆಯಾಗದಿದ್ದರೆ ಅರ್ಜಿಯು ತಿರಸ್ಕೃತವಾಗುವ ಸಂಭವವಿರುತ್ತದೆ. ಕಂತು ಕಟ್ಟಿಯೂ, ಕೊಳೆಯಲ್ಲಿ ಫಸಲನ್ನು ಕಳೆದುಕೊಂಡೂ, ಕೊನೆಗೆ ಒಂದು ಕಾಲಮಿನ ತಪ್ಪಿನಿಂದ ಬರಿಗೈಯಾಗುವುದು ಸಣ್ಣ ಸಂಗತಿಯಲ್ಲ. 'ಬೆಳೆ ದರ್ಶಕ'ವೆಂಬ ಆ್ಯಪಿನಲ್ಲಿ ತನ್ನ ನಂಬರಿಗೆ ಏನು ಬರೆದಿದ್ದಾರೆಂದು ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸುವುದಕ್ಕೆ ಅವಕಾಶವಿದೆ. ಇದೊಂದು ಕೆಲಸಕ್ಕಾಗಿಯಾದರೂ ಪ್ರತಿಯೊಬ್ಬ ಹಿಡುವಳಿದಾರನಿಗೂ ಸ್ವಂತದ್ದೋ ನಂಬಿಕಸ್ಥರದ್ದೋ ಒಂದು ಯಂತ್ರವು ದೊರಕುವಂತಿರಬೇಕೆಂಬುದು ನಮ್ಮ ಅಭಿಪ್ರಾಯ.

ಆದರೆ ಆ ಯಂತ್ರವು ಟ್ಯಾಬೇ ಆಗಬೇಕೆ? ನಿಜವಾಗಿ ಹೇಳುವುದಾದರೆ, ಎರಡು ಮೂರು ಎಕರೆಯವರಿಗೆ, ಕಣ್ಣು ಚೆನ್ನಾಗಿದ್ದು ಕೈಯಲ್ಲಿ ಸಾಧಾರಣ ಸ್ಮಾರ್ಟ್‌ಫೋನಿದ್ದರೆ, ಟ್ಯಾಬ್ ಅನಾವಶ್ಯಕ. ಸಮೀಕ್ಷೆಯೂ ಪೇಟೆಧಾರಣೆಯೂ ಹವಾಮಾನವೂ ಫೋನಿನಲ್ಲಿಯೇ ಸಿಕ್ಕುತ್ತವೆ. ಒಂದೇ ಬೆಲೆಯ ಫೋನನ್ನೂ ಟ್ಯಾಬನ್ನೂ ಹೋಲಿಸಿದರೆ ಸಾಮಾನ್ಯವಾಗಿ ಫೋನಿನ ಕ್ಯಾಮರಾ ಉತ್ತಮವಾಗಿರುತ್ತದೆ. ತೋಟದೊಳಕ್ಕೆ ಒಯ್ಯುವುದಕ್ಕೂ ಅದೇ ಹಗುರ. ಟ್ಯಾಬಿನ ಪ್ರಯೋಜನ ಮನೆಯ ಜಗಲಿಯಲ್ಲಿದೆ. ಅಕ್ಷರವನ್ನು ದೊಡ್ಡದು ಮಾಡಿದರೂ ಒಂದು ಪಹಣಿಯು ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. 'ದಿಶಾಂಕ್' ಆ್ಯಪಿನಲ್ಲಿ ಊರಿನ ನಕಾಶೆಯನ್ನು ತೆರೆದು ಸರ್ವೆ ನಂಬರುಗಳ ಎಲ್ಲೆಯನ್ನು ನಾಲ್ಕು ಜನ ಕುಳಿತು ನೋಡಬಹುದು. ಆಳುಗಳ ಲೆಕ್ಕವನ್ನು ಸಾಲು ಸಾಲಾಗಿ ಬರೆಯಬಹುದು. ಆದಕಾರಣ ಮಕ್ಕಳು ಹೊರಗಿದ್ದು ವೃದ್ಧ ದಂಪತಿಗಳೇ ತೋಟವನ್ನು ನೋಡಿಕೊಳ್ಳುವ ಮನೆಗಳಿಗೂ (ಇಂತಹ ಮನೆಗಳು ನಮ್ಮ ಮೂರು ತಾಲ್ಲೂಕುಗಳಲ್ಲಿ ಎಷ್ಟಾಗಿವೆಯೆಂಬುದು ಎಲ್ಲರಿಗೂ ತಿಳಿದದ್ದೇ), ಹತ್ತಾರು ಆಳುಗಳನ್ನಿಟ್ಟು ಕಾಫಿ, ಅಡಿಕೆ, ರಬ್ಬರುಗಳನ್ನು ಒಟ್ಟಿಗೆ ಸಾಗಿಸುವ ದೊಡ್ಡ ಹಿಡುವಳಿಗಳಿಗೂ ಇದು ಉಚಿತವಾದ ಖರ್ಚು. ಅರ್ಧ ಕ್ವಿಂಟಾಲು ರಾಶಿ ಅಡಿಕೆಯ ಬೆಲೆಯೊಳಗೆ ಸಾಧಾರಣವಾದುದು ದೊರೆಯುತ್ತದೆ.

ಕೊಳ್ಳುವವರು ಮುಖ್ಯವಾಗಿ ಗಮನಿಸಬೇಕಾದ ಒಂದು ಸಂಗತಿಯನ್ನು ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ. ಟ್ಯಾಬುಗಳಲ್ಲಿ ಸಿಮ್ ಹಾಕುವಂತಹವು ಒಂದು ಬಗೆ, ವೈ-ಫೈ ಮಾತ್ರವುಳ್ಳವು ಇನ್ನೊಂದು ಬಗೆ. ಎರಡನೆಯದರ ಬೆಲೆ ಕಡಿಮೆ. ಆದರೆ ಅದಕ್ಕೆ ಸಿಮ್ ಇಲ್ಲವಾದ್ದರಿಂದ ಓಟಿಪಿಯ ಸಂದೇಶವು ಅದಕ್ಕೆ ಬರುವುದಿಲ್ಲ. ಮೇಲಾಗಿ ಅಂತಹ ಅನೇಕ ಟ್ಯಾಬುಗಳಲ್ಲಿ ಜಿಪಿಎಸ್ ಉಪಕರಣವೇ ಇರುವುದಿಲ್ಲ. ಜಿಪಿಎಸ್ ಇಲ್ಲದೆ ಬೆಳೆ ಸಮೀಕ್ಷೆ ಸಾಗುವುದಿಲ್ಲ, ಏತಕ್ಕೆಂದರೆ ಛಾಯಾಚಿತ್ರವನ್ನು ತೆಗೆದವನು ಆ ಸರ್ವೆ ನಂಬರಿನೊಳಗೆ ನಿಂತಿದ್ದನೆಂಬುದನ್ನು ಆ್ಯಪು ಅದರಿಂದಲೇ ತಿಳಿಯಬೇಕು. ಒಂದೆರಡು ಸಾವಿರ ರೂಪಾಯಿಗಳನ್ನು ಉಳಿಸಲು ಹೋಗಿ, ಮೊಮ್ಮಕ್ಕಳಿಗೆ ಆಟವಾಡಲು ಮಾತ್ರ ಬರುವ ವಸ್ತುವನ್ನು ಮನೆಗೆ ತರಬಾರದು. ಸಿಮ್ ಉಳ್ಳದ್ದೇ? ಜಿಪಿಎಸ್ ಇದೆಯೇ? ಸುರಕ್ಷತೆಯ ಅಪ್‌ಡೇಟುಗಳು ಎಷ್ಟು ವರ್ಷ ಬರುತ್ತವೆ? ಈ ಮೂರಕ್ಕೂ ಬರಹದಲ್ಲಿ ಉತ್ತರ ಕೇಳಬೇಕು. ಕೊನೆಯದು ಏತಕ್ಕೆಂದರೆ, ಹಳೆಯದಾದ ಯಂತ್ರದಲ್ಲಿ ಹೊಸ ಆ್ಯಪುಗಳು ಒಂದೊಂದಾಗಿ ನಡೆಯದೆ ಹೋಗುತ್ತವೆ.

ಯಂತ್ರಕ್ಕಿಂತ ಮುಂಚೆ ಸಿಗ್ನಲ್ಲನ್ನು ಪರೀಕ್ಷಿಸುವುದು ಜಾಣತನ. ಕೊಪ್ಪದ ಪೇಟೆಯಲ್ಲಿ ಚೆನ್ನಾಗಿ ಬರುವ ಸಿಗ್ನಲ್ಲು ಗುಡ್ಡದ ಹಿಂದಿನ ಮನೆಯಂಗಳದಲ್ಲಿ ಬಾರದೆ ಇರಬಹುದು. ನೆಂಟರಿಂದಲೋ ನೆರೆಯವರಿಂದಲೋ ಬೇರೆ ಬೇರೆ ಕಂಪನಿಗಳ ಫೋನುಗಳನ್ನು ತರಿಸಿ, ಜಗಲಿಯಲ್ಲಿ, ಅಂಗಳದಲ್ಲಿ, ಕಣದಲ್ಲಿ ನೋಡಿ, ಎಲ್ಲಿ ಯಾವುದು ಹಿಡಿಯುತ್ತದೆಂದು ತಿಳಿದ ಮೇಲೆ ಸಿಮ್ ಆರಿಸಬೇಕು. ಯಾವುದೂ ಹಿಡಿಯದಿದ್ದರೆ ಟ್ಯಾಬಿನ ವಿಚಾರವನ್ನು ಬಿಟ್ಟು ಮೊದಲು ಕೇಬಲ್ ಇಂಟರ್‌ನೆಟ್ಟಿನ ವಿಚಾರ ಮಾಡುವುದು ಮೇಲು. ಜಿಪಿಎಸ್ಸಿಗೆ ಟವರು ಬೇಕಿಲ್ಲ, ಆಕಾಶ ಕಾಣಬೇಕು. ಅಡಿಕೆಯ ಸೋಗೆ ದಟ್ಟವಾಗಿರುವ ಕಡೆಯೂ ಕಿರಿದಾದ ಕಣಿವೆಯಲ್ಲಿಯೂ ಅದು ಕೆಲವು ಮೀಟರುಗಳಷ್ಟು ತಪ್ಪಿ, ನಿಮ್ಮನ್ನು ಪಕ್ಕದವರ ನಂಬರಿನಲ್ಲಿ ನಿಲ್ಲಿಸಬಹುದು. ತೆರಪಾದ ಕಡೆ ಒಂದೆರಡು ನಿಮಿಷ ನಿಂತು, ಗುರುತು ಸ್ಥಿರವಾದ ಬಳಿಕ ಚಿತ್ರ ತೆಗೆಯುವುದು ಸರಿಯಾದ ಕ್ರಮ.

ಮಳೆಗಾಲದ ಮಾತನ್ನು ಬೇರೆಯಾಗಿಯೇ ಹೇಳಬೇಕು. ಈ ಯಂತ್ರದ ಗಾಜು ಬೆರಳಿನ ವಿದ್ಯುದ್ಗುಣವನ್ನು ಗ್ರಹಿಸಿ ಕೆಲಸ ಮಾಡತಕ್ಕದ್ದು. ಆದ್ದರಿಂದ ಒದ್ದೆ ಬೆರಳಿಗೆ ತಪ್ಪುತಪ್ಪಾಗಿ ಓಗೊಡುತ್ತದೆ. ಮಳೆಹನಿಯನ್ನೇ ಬೆರಳೆಂದು ತಿಳಿದುಬಿಡುವುದೂ ಉಂಟು. ಜೂನಿನಿಂದ ಆಗಸ್ಟಿನವರೆಗೆ ಅದನ್ನು ತೋಟಕ್ಕೆ ಒಯ್ಯುವ ಆಸೆಯನ್ನು ಬಿಡುವುದೇ ವಾಸಿ. ಚೊಗರು ಹತ್ತಿದ ಕೈಯಿಂದ ಮುಟ್ಟಬಾರದು. ಗುಡುಗು ಸಿಡಿಲು ಇರುವಾಗ ಚಾರ್ಜಿಗೆ ಹಾಕಿರಬಾರದು. ತೇವವೆಂದು ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬಿಸಿಗೆ ಬ್ಯಾಟರಿಯು ಕೆಡುತ್ತದೆ. ಬೆನ್ನು ಉಬ್ಬಿದ್ದು ಕಂಡರೆ ಕೂಡಲೆ ಉಪಯೋಗವನ್ನು ನಿಲ್ಲಿಸಬೇಕು. ಕರೆಂಟು ಎರಡು ಮೂರು ದಿನ ಇಲ್ಲದಿರುವುದು ನಮ್ಮಲ್ಲಿ ಅಪರೂಪವಲ್ಲವಾದುದರಿಂದ ಪವರ್ ಬ್ಯಾಂಕು ಒಂದಿರಲಿ.

ರೋಗಗಳ ವಿಷಯದಲ್ಲಿ ಈ ಯಂತ್ರದಿಂದ ಜನರು ನಿರೀಕ್ಷಿಸುವುದು ಬಹಳ. ಅದು ಕೊಡುವುದು ಅಷ್ಟಿಲ್ಲ. ಎಲೆಚುಕ್ಕಿ ರೋಗವು ಈಚಿನ ವರ್ಷಗಳಲ್ಲಿ ನಮ್ಮ ಭಾಗದ ಅಡಿಕೆ ತೋಟಗಳನ್ನು ಕಾಡುತ್ತಿದೆ. ಸೋಗೆಯ ಎರಡು ಬದಿಗಳನ್ನೂ, ಪಕ್ಕದಲ್ಲಿ ಆರೋಗ್ಯವಾದ ಸೋಗೆಯನ್ನೂ ಇಟ್ಟು ಹಗಲು ಬೆಳಕಿನಲ್ಲಿ ತೆಗೆದ ಚಿತ್ರವನ್ನು ತೋಟಗಾರಿಕೆ ಇಲಾಖೆಯವರಿಗೆ ಕಳುಹಿಸಿದರೆ ಅವರಿಗೆ ಸಹಾಯವಾಗುತ್ತದೆ. ಆದರೆ ಹಳದಿ ಎಲೆ ರೋಗದ ಸಂಗತಿ ಹೀಗಲ್ಲ. ಬಸಿಗಾಲುವೆ ಮುಚ್ಚಿ ನೀರು ನಿಂತ ತೋಟವೂ, ಪೋಷಕಾಂಶದ ಕೊರತೆಯ ತೋಟವೂ ಚಿತ್ರದಲ್ಲಿ ಹಳದಿಯಾಗಿಯೇ ಕಾಣುತ್ತವೆ. ಬುಡವನ್ನು ಬಿಡಿಸಿ ಬೇರಿನ ತುದಿಯನ್ನು ನೋಡದೆ, ಜಮೀನಿಗೆ ಬಾರದೆ, ಯಾರೂ ತೀರ್ಮಾನ ಹೇಳಬಾರದು. ೧೯೧೦ರಲ್ಲಿ ಅಡಿಕೆಯ ಕೊಳೆರೋಗವನ್ನು ಕುರಿತು ವರದಿ ಬರೆದ ಡಾಕ್ಟರ್ ಕೋಲ್ಮನ್ ಸಾಹೇಬರು ಮಲೆನಾಡಿನ ತೋಟಗಳಲ್ಲಿಯೇ ಅದನ್ನು ಪರೀಕ್ಷಿಸಿದ್ದರು. ಆ ಬಳಿಕವೇ ಕೊಟ್ಟೆ ಕಟ್ಟುವ ಪದ್ಧತಿಯ ಜಾಗದಲ್ಲಿ ಬೋರ್ಡೋ ದ್ರಾವಣವು ಹರಡಿತು. ಯಾವುದೋ ಗುಂಪಿನಲ್ಲಿ ಚಿತ್ರವನ್ನು ಹಾಕಿ, ಅಲ್ಲಿ ಯಾರೋ ಹೇಳಿದ ಔಷಧವನ್ನು ತಂದು ಹೊಡೆಯುವ ಅಭ್ಯಾಸವು ಈಗ ಬೆಳೆಯುತ್ತಿದೆ. ಇದನ್ನು ನಾವು ಸರ್ವಥಾ ಒಪ್ಪುವುದಿಲ್ಲ.

ಮಳೆಯ ಅಂಕಿಗಳಾದರೋ ನಿಜವಾಗಿ ಉಪಯುಕ್ತ. ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರವನ್ನು ಲೆಕ್ಕ ಹಾಕುವುದು ನಿಮ್ಮ ತೋಟದ ಮಳೆಯಿಂದಲ್ಲ, ಗ್ರಾಮ ಪಂಚಾಯಿತಿಗೆ ಗೊತ್ತುಮಾಡಿದ ಮಳೆಮಾಪಕದ ದಾಖಲೆಯಿಂದ. ಒಂದು ಗುಡ್ಡದ ಈಚೆಗೂ ಆಚೆಗೂ ಮಳೆಯಲ್ಲಿ ಎಷ್ಟು ವ್ಯತ್ಯಾಸವಿರುತ್ತದೆಂಬುದು ತುಂಗಾ ತೀರದವರಿಗೂ ಭದ್ರಾ ತೀರದವರಿಗೂ ಗೊತ್ತು. ಅಂಗಳದಲ್ಲೊಂದು ಸಾದಾ ಮಳೆಮಾಪಕವನ್ನಿಟ್ಟು, ಪ್ರತಿದಿನ ಬೆಳಗ್ಗೆ ೮-೩೦ಕ್ಕೆ ಅಳೆದು ಟ್ಯಾಬಿನಲ್ಲಿ ಬರೆದುಕೊಂಡರೆ, ಪಂಚಾಯಿತಿಯ ಮಾಪಕವು ಕೆಟ್ಟು ನಿಂತಿತೆಂಬ ಅನುಮಾನ ಬಂದಾಗ ಹತ್ತು ಮನೆಗಳ ಲೆಕ್ಕವನ್ನು ಒಟ್ಟುಗೂಡಿಸಿ ಅಧಿಕಾರಿಗಳ ಮುಂದೆ ಇಡಬಹುದು.

ಅಭ್ಯಾಸದ ಮಾತಿಗೆ ಬಂದರೆ, ಮೊದಲ ತಿಂಗಳಲ್ಲಿ ಎಲ್ಲವನ್ನೂ ಕಲಿಯಲು ಹೋಗುವುದೇ ಹೆಚ್ಚಿನವರ ತೊಡಕು. ಮಳೆಯನ್ನು ಬರೆಯುವುದು, ಪೇಟೆಧಾರಣೆಯನ್ನು ನೋಡುವುದು, ಪಹಣಿಯನ್ನು ತೆರೆಯುವುದು. ಇಷ್ಟು ಕೈಗೆ ಹತ್ತಿದರೆ ಉಳಿದದ್ದು ತಾನಾಗಿ ಬರುತ್ತದೆ. ಕನ್ನಡವನ್ನು ಬೆರಳಿನಿಂದ ಒತ್ತುವುದು ಕಷ್ಟವಾದರೆ ಬಾಯಲ್ಲಿ ಹೇಳಿದರೂ ಯಂತ್ರವು ಬರೆದುಕೊಳ್ಳುತ್ತದೆ, ಗೊರಬಲು ಎಂದುದಕ್ಕೆ ಬೇರೇನನ್ನೋ ಬರೆದರೆ ತಿದ್ದಿಕೊಳ್ಳಬೇಕು, ಅಷ್ಟೆ. ಆಳುಗಳ ದಿನಗೂಲಿಯ ಲೆಕ್ಕವನ್ನು ಅನೇಕ ಮನೆಗಳಲ್ಲಿ ಇಟ್ಟುಕೊಂಡು ಬಂದವರು ಗೃಹಿಣಿಯರೇ. ಆದ್ದರಿಂದ ಕಲಿಕೆಯನ್ನು ಅವರಿಂದ ಆರಂಭಿಸುವುದು ನ್ಯಾಯವೂ ಹೌದು, ಲಾಭವೂ ಹೌದು. ಒಂದು ಕೊಯ್ಲು ಪೂರ್ತಿ ಮುಗಿಯುವವರೆಗೆ ಲೆಕ್ಕದ ಪುಸ್ತಕವನ್ನೂ ಬಿಡಬಾರದು. ಕೊನೆಗಾರನ ಎದುರಿಗೆ ಎರಡನ್ನೂ ತಾಳೆ ನೋಡಿದ ಮೇಲೆ ಬೇಕಾದರೆ ಬಿಡಬಹುದು.

ಓಟಿಪಿಯ ವಿಷಯದಲ್ಲಿ ಮಾತ್ರ ನಾವು ಕಟುವಾಗಿ ಹೇಳಬೇಕಾಗಿದೆ. ಯಂತ್ರ ತಿಳಿಯದ ಹಿರಿಯರು ಫೋನನ್ನೇ ಪರರ ಕೈಗೆ ಕೊಟ್ಟು 'ನೀನೇ ನೋಡಿ ಹಾಕಪ್ಪಾ' ಎನ್ನುತ್ತಾರೆ. ಕೊಡುವವರ ಮನಸ್ಸು ಒಳ್ಳೆಯದು. ಆದರೆ ಆ ಅಂಕಿಗಳು ಸಹಿಗೆ ಸಮಾನ, ಖಾಲಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದಂತೆ. ಅಡಿಕೆಯ ಹಣ ಬರುವ ಬ್ಯಾಂಕು ಖಾತೆಯನ್ನು ಟ್ಯಾಬಿಗೆ ಜೋಡಿಸದೆ, ಸ್ವಲ್ಪವೇ ಮೊಬಲಗು ಇರುವ ಬೇರೊಂದು ಖಾತೆಯನ್ನು ಮಾತ್ರ ಜೋಡಿಸುವುದು ಕ್ಷೇಮ.

ಗ್ರಾಮದ ಮುಖಂಡರಲ್ಲಿ ಒಂದು ಬಿನ್ನಹ. ಪ್ರತಿ ಮನೆಯವರೂ ಹಣ ಸುರಿಯುವುದಕ್ಕೆ ಮುಂಚೆ, ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿಯೋ ಸಹಕಾರ ಸಂಘದಲ್ಲಿಯೋ ಸಿಮ್ ಉಳ್ಳ ಎರಡು ಟ್ಯಾಬುಗಳನ್ನು ಇರಿಸಿ, ವಾರಕ್ಕೆರಡು ಮಧ್ಯಾಹ್ನ ಊರಿನ ಓದಿದ ಹುಡುಗಿಯೋ ಹುಡುಗನೋ ಕುಳಿತು ತೋರಿಸುವಂತೆ ಏರ್ಪಾಡು ಮಾಡಿದರೆ, ಕೊಳ್ಳಬೇಕೋ ಬೇಡವೋ ಎಂಬುದನ್ನು ಜನರು ಮುಟ್ಟಿ ನೋಡಿಯೇ ನಿರ್ಧರಿಸಬಹುದು. ಗ್ರಾಮ ಆಡಳಿತ ಅಧಿಕಾರಿಗಳು ೨೦೨೪ರಲ್ಲಿ, ತಮ್ಮ ಮೇಲೆ ಹೇರಿದ ಆ್ಯಪುಗಳ ಹೊರೆಯನ್ನೂ ಉಪಕರಣಗಳ ಕೊರತೆಯನ್ನೂ ಹೇಳಿಕೊಂಡು ಮುಷ್ಕರ ಹೂಡಿದ್ದುದು ವಾಚಕರಿಗೆ ನೆನಪಿರಬಹುದು. ಅವರೇ ಬಂದು ಎಲ್ಲವನ್ನೂ ಸರಿಪಡಿಸುವರೆಂದು ಕಾಯುವುದು ಅವರಿಗೂ ನ್ಯಾಯವಲ್ಲ. ಬೋರ್ಡೋ ದ್ರಾವಣದ ಮೊದಲನೆಯ ಸಿಂಪರಣೆ ಮುಗಿದು ಎರಡನೆಯದಕ್ಕೆ ನಲವತ್ತು ನಲವತ್ತೈದು ದಿನಗಳ ಬಿಡುವಿರುತ್ತದಷ್ಟೆ. ತೋಟದಲ್ಲಿ ಕೆಲಸ ಕಡಿಮೆಯಿರುವ ಆ ದಿನಗಳಲ್ಲಿ ಇದನ್ನು ಆರಂಭಿಸಿದರೆ, ಮುಂಗಾರಿನ ಸಮೀಕ್ಷೆಗೆ ಆಕ್ಷೇಪಣೆ ಸಲ್ಲಿಸುವ ವೇಳೆಗೆ ಊರಿನಲ್ಲಿ ನಾಲ್ಕಾರು ಜನರಾದರೂ ಸಿದ್ಧವಾಗಿರುತ್ತಾರೆ.