ಕತಾರಿನ ಸಂಬಳದಲ್ಲಿ ‘ಟ್ಯಾಕ್ಸ್’ ಎಂಬ ಕಡಿತವಿಲ್ಲ

ದೋಹಾ, ಅಲ್ ವಕ್ರಾ, ಅಲ್ ಖೋರ್, ಇಂಡಸ್ಟ್ರಿಯಲ್ ಏರಿಯಾಗಳಲ್ಲಿ ಕೆಫೆಟೇರಿಯಾ, ಬಕಾಲ (ಕಿರಾಣಿ ಅಂಗಡಿ), ಗ್ಯಾರೇಜು, ಟೈಲರ್ ಅಂಗಡಿ, ಸಣ್ಣಪುಟ್ಟ ಕಾಂಟ್ರ್ಯಾಕ್ಟಿಂಗ್ ಕಂಪನಿ ನಡೆಸುತ್ತಿರುವ ಕನ್ನಡಿಗ ಧಣಿಗಳಿಗೆ, ಅವರ ಬಳಿ ದುಡಿಯುತ್ತಿರುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ:



ಕತಾರಿನಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಕತಾರಿ ಪ್ರಜೆಗಳಿಗೂ ಇಲ್ಲ, ನಮಗೂ ಇಲ್ಲ. ಸಾವಿರ ರಿಯಾಲ್ ದುಡಿಯುವ ಹೆಲ್ಪರಿಗೂ ಇಲ್ಲ, ಐವತ್ತು ಸಾವಿರ ಪಡೆಯುವ ಮ್ಯಾನೇಜರಿಗೂ ಇಲ್ಲ. ಹೀಗಿರುವಾಗ ಸಂಬಳ ಚೀಟಿಯಲ್ಲಿ ‘ಟ್ಯಾಕ್ಸ್’ ಎಂದೋ ‘ಗವರ್ನಮೆಂಟ್ ಫೀ’ ಎಂದೋ ಬರೆದು ಒಂದು ರಿಯಾಲ್ ಹಿಡಿದರೂ ಆ ಹಣ ಸರ್ಕಾರಕ್ಕೆ ಹೋಗುವುದಿಲ್ಲ. ಹೋಗಲು ಅಂಥದ್ದೊಂದು ಖಾತೆಯೇ ಇಲ್ಲ.

ಇದನ್ನು ಈಗ ಅಚ್ಚು ಹಾಕಿಸಿ ಹಂಚಬೇಕಾಗಿ ಬಂದದ್ದು ಸುತ್ತಲೂ ತೆರಿಗೆಯ ಸುದ್ದಿ ಹೆಚ್ಚಿರುವುದರಿಂದ. ಒಮಾನ್ ಸರ್ಕಾರ 2025ರಲ್ಲಿ ವೈಯಕ್ತಿಕ ಆದಾಯ ತೆರಿಗೆಯ ಕಾನೂನು ಹೊರಡಿಸಿತು. ಅದು 2028ರಿಂದ, ವರ್ಷಕ್ಕೆ 42,000 ಒಮಾನಿ ರಿಯಾಲ್ ಮೀರಿದ ಆದಾಯಕ್ಕೆ ಶೇ 5ರಂತೆ ಅನ್ವಯ. ಕತಾರಿಗೂ ಅದಕ್ಕೂ ಸಂಬಂಧವಿಲ್ಲ. ಕತಾರಿನಲ್ಲಿ ಶೇ 15ರ ತೆರಿಗೆ ಬಂದಿದೆ ಎಂಬ ಇನ್ನೊಂದು ಸುದ್ದಿ ಕೇಳಿರುತ್ತೀರಿ. ಅದು ವರ್ಷಕ್ಕೆ 75 ಕೋಟಿ ಯೂರೋಗಿಂತ ಹೆಚ್ಚು ವಹಿವಾಟಿರುವ ಬಹುರಾಷ್ಟ್ರೀಯ ಕಂಪನಿಗಳ ಲಾಭಕ್ಕೆ ಸಂಬಂಧಿಸಿದ್ದು. ಭಾರತ ಮತ್ತು ಕತಾರ್ 2025ರ ಫೆಬ್ರುವರಿ 18ರಂದು ಸಹಿ ಹಾಕಿದ ಪರಿಷ್ಕೃತ ಒಪ್ಪಂದ ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಂತೆ ನೋಡಿಕೊಳ್ಳಲು ಇರುವಂಥದ್ದು. ಇಲ್ಲಿನ ಸಂಬಳಕ್ಕೆ ಹೊಸ ತೆರಿಗೆ ಹೇರುವುದು ಅದರ ಕೆಲಸವಲ್ಲ. ಇವುಗಳಲ್ಲಿ ಯಾವುದನ್ನು ತೋರಿಸಿಯೂ ನೌಕರನ ಸಂಬಳಕ್ಕೆ ಕೈಹಾಕುವಂತಿಲ್ಲ.

ಹಾಗಾದರೆ ಸಣ್ಣ ವ್ಯಾಪಾರಕ್ಕೆ ತೆರಿಗೆಯೇ ಇಲ್ಲವೆ? ಇದೆ. 2018ರ 24ನೇ ಕಾನೂನಿನ ಪ್ರಕಾರ ವ್ಯಾಪಾರದ ಲಾಭಕ್ಕೆ ಶೇ 10 ತೆರಿಗೆ. ಕತಾರಿಯವರ ಮತ್ತು ಇತರ ಗಲ್ಫ್ ಸಹಕಾರ ಮಂಡಳಿ ದೇಶಗಳ ಪ್ರಜೆಗಳ ಪಾಲಿಗೆ ವಿನಾಯಿತಿ ಇದೆ. ಪಾಲುದಾರರಲ್ಲಿ ನಮ್ಮಂಥವರಿದ್ದರೆ ಆ ಪಾಲಿನ ಲಾಭಕ್ಕೆ ತೆರಿಗೆ ಬೀಳುತ್ತದೆ. ಜನರಲ್ ಟ್ಯಾಕ್ಸ್ ಅಥಾರಿಟಿಯ ‘ಧರೀಬಾ’ ಪೋರ್ಟಲ್‌ನಲ್ಲಿ ರಿಟರ್ನ್ ಸಲ್ಲಿಸಬೇಕು. ಇದು ಧಣಿಯ ಲಾಭದ ಮೇಲಿನ ತೆರಿಗೆ. ಅದನ್ನು ಎಂಟು ಜನ ಕೆಲಸಗಾರರ ತಲೆಗೆ ಹಂಚಿ ಸಂಬಳದಿಂದ ಹಿಡಿದರೆ ಅದು ಕಳ್ಳತನ. ಬೇರೆ ಮೃದು ಪದ ನನಗೆ ತೋಚುವುದಿಲ್ಲ.

ಗೊಂದಲಕ್ಕೆ ಕಾರಣವಾಗುವ ಇನ್ನೊಂದು ಕಡಿತವಿದೆ. ಕತಾರಿನಲ್ಲಿ ನೆಲೆಯಿಲ್ಲದವರಿಗೆ ತಾಂತ್ರಿಕ ಸೇವೆಗೆ, ರಾಯಲ್ಟಿಗೆ ಹಣ ಕಳುಹಿಸುವಾಗ ಶೇ 5 ಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕು. ಬೆಂಗಳೂರಿನ ಕಂಪನಿಯೊಂದರಿಂದ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಸಿದರೆ ಈ ನಿಯಮ ನೆನಪಿಡಿ. ನಿಮ್ಮ ಅಂಗಡಿಯ ನೌಕರನ ಸಂಬಳಕ್ಕೆ ಇದು ತಾಗುವುದಿಲ್ಲ. ಸಾಮಾಜಿಕ ವಿಮೆಯ ಕಡಿತವೂ ಹಾಗೆಯೇ. 2022ರ ಕಾನೂನಿನಂತೆ ಕತಾರಿ ನೌಕರರ ಸಂಬಳದಿಂದ ಶೇ 7, ಮಾಲೀಕನಿಂದ ಶೇ 14 ಕಟ್ಟಬೇಕು. ನಮ್ಮಂಥ ಹೊರದೇಶದ ನೌಕರರು ಆ ವ್ಯವಸ್ಥೆಯ ಒಳಗಿಲ್ಲ.

ಈಗ ಧಣಿಗಳ ಕಷ್ಟದ ಮಾತಿಗೆ ಬರುತ್ತೇನೆ, ಏಕೆಂದರೆ ಆ ಕಷ್ಟ ನಿಜವಾದದ್ದು. ಅಡ್ವಾನ್ಸ್ ಪಡೆದವನು ತೀರಿಸುವುದಿಲ್ಲ, ಡೆಲಿವರಿ ಬೈಕು ಗೋಡೆಗೆ ಗುದ್ದುತ್ತದೆ, ಕ್ಯಾಷಿಯರ್ ಲೆಕ್ಕದಲ್ಲಿ ಹಣ ಕಡಿಮೆ ಬೀಳುತ್ತದೆ. ಇಂಥ ಸಂದರ್ಭಗಳಿಗೆ ಕಾನೂನು ದಾರಿ ಕೊಟ್ಟಿದೆ. 2004ರ 14ನೇ ಕಾರ್ಮಿಕ ಕಾನೂನಿನಲ್ಲಿ ಪ್ರತಿಯೊಂದಕ್ಕೂ ಮಿತಿ ಬರೆದಿದೆ.

ಒಂದು ಲೆಕ್ಕ ಹಾಕೋಣ. 2021ರ ಮಾರ್ಚ್ 20ರಿಂದ ಜಾರಿಯಲ್ಲಿರುವ ಕನಿಷ್ಠ ವೇತನ ತಿಂಗಳಿಗೆ 1,000 ರಿಯಾಲ್. ಮಾಲೀಕ ವಸತಿ ಕೊಡದಿದ್ದರೆ ಇನ್ನೂ 500, ಊಟ ಕೊಡದಿದ್ದರೆ ಮತ್ತೆ 300. ಒಟ್ಟು 1,800 ಪಡೆಯುವ ಒಬ್ಬ ನೌಕರ ಇದ್ದಾನೆನ್ನಿ. ದಿನಕ್ಕೆ 60 ರಿಯಾಲ್ ಬಿತ್ತು. ಊರಲ್ಲಿ ತಾಯಿಯ ಆಸ್ಪತ್ರೆ ಖರ್ಚಿಗೆಂದು ಅವನು ನಿಮ್ಮಿಂದ 1,800 ರಿಯಾಲ್ ಸಾಲ ತೆಗೆದುಕೊಂಡ. ನೀವು ತಿಂಗಳಿಗೆ ಸಂಬಳದ ಶೇ 10, ಅಂದರೆ 180 ರಿಯಾಲ್ ಮಾತ್ರ ಹಿಡಿಯಬಹುದು. ಹತ್ತು ತಿಂಗಳಲ್ಲಿ ಸಾಲ ತೀರುತ್ತದೆ. ಬಡ್ಡಿ ಹಾಕುವಂತಿಲ್ಲ. ಮುಂದಿನ ತಿಂಗಳ ಸಂಬಳವನ್ನೇ ಪೂರ್ತಿ ಹಿಡಿದು ‘ಚುಕ್ತಾ ಆಯಿತು’ ಎನ್ನುವುದು ನಮ್ಮ ಅನೇಕ ಅಂಗಡಿಗಳಲ್ಲಿ ರೂಢಿ. ಆ ತಿಂಗಳು ಅವನ ಮನೆಯಲ್ಲಿ ಒಲೆ ಹೇಗೆ ಉರಿಯಬೇಕು?

ಅವನ ತಪ್ಪಿನಿಂದ ಯಂತ್ರ ಕೆಟ್ಟಿತು, ಸಾಮಾನು ಹಾಳಾಯಿತು ಎಂದಾದರೆ ಮೊದಲು ವಿಚಾರಣೆ ನಡೆಸಿ ತಪ್ಪು ಅವನದೇ ಎಂದು ಖಚಿತಪಡಿಸಿಕೊಳ್ಳಬೇಕು. ಆಮೇಲೂ ತಿಂಗಳಿಗೆ ಏಳು ದಿನದ ಸಂಬಳಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ನಮ್ಮ ಲೆಕ್ಕದಲ್ಲಿ ಅದು 420 ರಿಯಾಲ್. ಈ ನಿರ್ಧಾರದ ವಿರುದ್ಧ ಕಾರ್ಮಿಕ ಇಲಾಖೆಗೆ ಮೇಲ್ಮನವಿ ಸಲ್ಲಿಸುವ ಹಕ್ಕು ನೌಕರನಿಗಿದೆ. ಶಿಸ್ತಿನ ದಂಡವಾದರೆ ಒಂದು ತಪ್ಪಿಗೆ ಹೆಚ್ಚೆಂದರೆ ಐದು ದಿನದ ಸಂಬಳ, 300 ರಿಯಾಲ್. ಅದಕ್ಕೂ ಮೊದಲು ಅವನ ಮೇಲಿನ ಆರೋಪ ತಿಳಿಸಿ, ಅವನ ಮಾತು ಕೇಳಬೇಕು. ಕೋರ್ಟಿನ ಆದೇಶದಂತೆ ಜಪ್ತಿ ಮಾಡುವುದಿದ್ದರೆ ಶೇ 35ರ ಮಿತಿ. ಸಾಲ, ದಂಡ, ನಷ್ಟ ಎಲ್ಲ ಒಂದೇ ತಿಂಗಳಲ್ಲಿ ಸೇರಿಬಂದರೂ ಒಟ್ಟು ಕಡಿತ ಸಂಬಳದ ಅರ್ಧ ದಾಟಬಾರದು. ಅಂದರೆ 1,800ರಲ್ಲಿ 900 ರಿಯಾಲ್ ಅವನ ಕೈಗೆ ಸೇರಲೇಬೇಕು. ಉಳಿದ ಬಾಕಿಯನ್ನು ಮುಂದಿನ ತಿಂಗಳಿಗೆ ಹಾಕಿಕೊಳ್ಳಿ.

ಹಿಡಿಯಲೇಬಾರದ ಹಣವೂ ಇದೆ. ನೌಕರನನ್ನು ಕರೆಸಿಕೊಂಡ ಖರ್ಚು, ನೇಮಕಾತಿ ಶುಲ್ಕ ಅವನಿಂದ ವಸೂಲು ಮಾಡುವುದನ್ನು ಕಾನೂನು ನಿಷೇಧಿಸಿದೆ. ವಾಸ ಪರವಾನಗಿ ಮಾಡಿಸುವುದು, ಕಾಲಕಾಲಕ್ಕೆ ನವೀಕರಿಸುವುದು ಮಾಲೀಕನ ಹೊಣೆ. ಕಂಪನಿಯ ಸರ್ಕಾರಿ ಕೆಲಸ ನೋಡಿಕೊಳ್ಳುವ ಮಂದೂಬ್ ತಡಮಾಡಿ ಕ್ಯೂಐಡಿ (ವಾಸ ಪರವಾನಗಿ ಕಾರ್ಡ್) ಅವಧಿ ಮುಗಿದು ಬಿದ್ದ ದಂಡವನ್ನು ನೌಕರನ ಸಂಬಳಕ್ಕೆ ಹಚ್ಚುವುದು ಅನ್ಯಾಯ.

ಕಡಿತ ಏನೇ ಇರಲಿ, ಅದು ಕಾಗದದ ಮೇಲೆ ಬರಬೇಕು. 2015ರಿಂದ ಕತಾರಿನಲ್ಲಿ ಡಬ್ಲ್ಯೂಪಿಎಸ್ ಎಂಬ ವೇತನ ರಕ್ಷಣಾ ವ್ಯವಸ್ಥೆ ಇದೆ. ಸಂಬಳ ಸಲ್ಲಬೇಕಾದ ದಿನದಿಂದ ಏಳು ದಿನದೊಳಗೆ ಬ್ಯಾಂಕಿನ ಮೂಲಕ ನೌಕರನ ಖಾತೆಗೆ ಜಮೆಯಾಗಬೇಕು. ನೀವು ಬ್ಯಾಂಕಿಗೆ ಕಳುಹಿಸುವ ಸಂಬಳದ ಫೈಲಿನಲ್ಲಿ ಮೂಲ ವೇತನಕ್ಕೆ, ಹೆಚ್ಚುವರಿ ಗಂಟೆಗಳಿಗೆ, ಕಡಿತಕ್ಕೆ, ಕೈಗೆ ಸಿಗುವ ಮೊತ್ತಕ್ಕೆ, ಟಿಪ್ಪಣಿಗೆ ಬೇರೆ ಬೇರೆ ಅಂಕಣಗಳಿವೆ. ಆ ಕಡಿತದ ಅಂಕಣದಲ್ಲಿ ನ್ಯಾಯವಾದ ಮೊತ್ತ, ಟಿಪ್ಪಣಿಯಲ್ಲಿ ‘ಸಾಲದ ಕಂತು’ ಎಂಬ ಕಾರಣ, ನಿಮ್ಮ ಫೈಲಿನಲ್ಲಿ ನೌಕರ ಸಹಿ ಹಾಕಿದ ಸಾಲಪತ್ರ: ಮೂರೂ ಇದ್ದರೆ ಯಾವ ತಪಾಸಣೆ ಬಂದರೂ ನೀವು ಹೆದರಬೇಕಿಲ್ಲ. ಇದನ್ನು ಮಾಡದೆ ಪೂರ್ತಿ ಸಂಬಳವನ್ನು ಬ್ಯಾಂಕಿಗೆ ಹಾಕಿ, ಆಮೇಲೆ ನಗದಾಗಿ ವಾಪಸು ಕೇಳುವುದು ಅಥವಾ ನೌಕರರ ಎಟಿಎಂ ಕಾರ್ಡುಗಳನ್ನು ಡ್ರಾಯರಿನಲ್ಲಿ ಇಟ್ಟುಕೊಳ್ಳುವುದು ಕೂಡಲೇ ನಿಲ್ಲಬೇಕು. ಧಣಿಗಳೇ, ಹೀಗೆ ಪಡೆದ ನಗದಿಗೆ ನಿಮ್ಮ ಪುಸ್ತಕದಲ್ಲಿ ಜಾಗವಿಲ್ಲ. ಶೇ 10ರ ತೆರಿಗೆಗೆ ಲೆಕ್ಕ ಕೊಡುವಾಗ ಪೂರ್ತಿ ಸಂಬಳವನ್ನು ಖರ್ಚೆಂದು ತೋರಿಸಿ, ಅದರಲ್ಲಿ ಒಂದು ಭಾಗ ಜೇಬಿಗೆ ಬಂದಿದ್ದರೆ ನೀವು ಎರಡು ಇಲಾಖೆಗಳ ಮುಂದೆ ಒಮ್ಮೆಗೇ ಸುಳ್ಳು ಲೆಕ್ಕ ಕೊಟ್ಟಂತಾಯಿತು.

ಊರಿನ ಕಡೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಕೆಲವರು ಮಂಗಳೂರಿನಲ್ಲೋ ಉಡುಪಿಯಲ್ಲೋ ಕಚೇರಿ ತೆರೆದು ಲೆಕ್ಕಪತ್ರದ ಕೆಲಸಕ್ಕೆ ಅಲ್ಲಿ ಜನ ಇಟ್ಟುಕೊಂಡಿದ್ದಾರೆ. ಆ ಕಚೇರಿಯ ಸಂಬಳಕ್ಕೆ ಭಾರತದ ಕಾನೂನು. ತೆರಿಗೆ ಮಿತಿ ದಾಟಿದವರ ಸಂಬಳದಿಂದ ಮೂಲದಲ್ಲೇ ತೆರಿಗೆ (ಟಿಡಿಎಸ್) ಹಿಡಿದು, ಸಾಮಾನ್ಯವಾಗಿ ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು. ಕರ್ನಾಟಕದ ವೃತ್ತಿ ತೆರಿಗೆಯೂ ಇದೆ. ಹಿಡಿಯಬೇಕಾದ್ದನ್ನು ಹಿಡಿಯದಿದ್ದರೆ ತಿಂಗಳಿಗೆ ಶೇ 1, ಹಿಡಿದು ಕಟ್ಟದಿದ್ದರೆ ಶೇ 1.5 ಬಡ್ಡಿ. ಅಲ್ಲಿ ಹಿಡಿಯದೆ ಇರುವುದು ತಪ್ಪು, ಇಲ್ಲಿ ಹಿಡಿಯುವುದು ತಪ್ಪು. ಎರಡು ಕಚೇರಿಗೂ ಒಂದೇ ಎಕ್ಸೆಲ್ ಹಾಳೆ ಬಳಸಬೇಡಿ.

ಇನ್ನು ಇಲ್ಲಿ ದುಡಿಯುವವರಿಗೆ. ನೀವು ಭಾರತದ ಕಾನೂನಿನಲ್ಲಿ ಅನಿವಾಸಿಯಾಗಿರುವಷ್ಟು ಕಾಲ ಕತಾರಿನಲ್ಲಿ ಮಾಡಿದ ಕೆಲಸಕ್ಕೆ ಇಲ್ಲೇ ಪಡೆದ ಸಂಬಳಕ್ಕೆ ಭಾರತದಲ್ಲಿ ತೆರಿಗೆ ಇಲ್ಲ. ಅದನ್ನು ಊರಿಗೆ ಕಳುಹಿಸಿದ ಮಾತ್ರಕ್ಕೂ ತೆರಿಗೆ ಬೀಳುವುದಿಲ್ಲ. ‘ಇಂಡಿಯಾ ಟ್ಯಾಕ್ಸ್‌ಗೆ’ ಎಂದು ಇಲ್ಲಿನ ಮಾಲೀಕ ಹಣ ಹಿಡಿದರೆ ಅದಕ್ಕೂ ಆಧಾರವಿಲ್ಲ. ಊರಲ್ಲಿ ಬಾಡಿಗೆ, ಬಡ್ಡಿ, ವ್ಯಾಪಾರದ ಆದಾಯ ಹೆಚ್ಚಿರುವವರು, ವರ್ಷದಲ್ಲಿ ಹೆಚ್ಚು ದಿನ ಊರಲ್ಲಿ ಉಳಿಯುವವರು ಮಾತ್ರ ಒಬ್ಬ ಲೆಕ್ಕಪರಿಶೋಧಕರನ್ನು ಕೇಳಿ ನಿಶ್ಚಯಿಸಿಕೊಳ್ಳಿ.

ಪ್ರತಿ ತಿಂಗಳು ಸಂಬಳ ಚೀಟಿ ಕೇಳಿ ಪಡೆಯಿರಿ, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಒಪ್ಪಂದದಲ್ಲಿ ಬರೆದ ಮೂಲ ವೇತನವೇ ಚೀಟಿಯಲ್ಲೂ ಇದೆಯೇ ನೋಡಿ. ಒಂದು ವರ್ಷ ಪೂರೈಸಿದವರಿಗೆ ವರ್ಷಕ್ಕೆ ಕನಿಷ್ಠ ಮೂರು ವಾರದ ಮೂಲ ವೇತನದಂತೆ ಗ್ರಾಚ್ಯುಟಿ ಸಿಗುವುದು ಆ ಅಂಕಿಯ ಮೇಲೆಯೇ. ಸರಿಯಿಲ್ಲದ ಕಡಿತ ಕಂಡರೆ ಮೊದಲು ಧಣಿಯ ಬಳಿ ಗೌರವದಿಂದ ಲಿಖಿತವಾಗಿ ಕಾರಣ ಕೇಳಿ. ಉತ್ತರ ಬಾರದಿದ್ದರೆ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಿ. ಅಲ್ಲಿ ರಾಜಿಯಾಗದ ದೂರು 2017ರ ಕಾನೂನಿನಡಿ ರಚನೆಯಾದ ಕಾರ್ಮಿಕ ವ್ಯಾಜ್ಯ ಸಮಿತಿಗೆ ಹೋಗುತ್ತದೆ. ಅದು ಮೂರು ವಾರದೊಳಗೆ ತೀರ್ಮಾನ ಕೊಡಬೇಕೆಂಬ ನಿಯಮವಿದೆ. ಕಾರ್ಮಿಕರಿಗೆ ನ್ಯಾಯಾಲಯ ಶುಲ್ಕವಿಲ್ಲ. ಭಾಷೆ ತೊಡಕಾದರೆ ಭಾರತೀಯ ರಾಯಭಾರ ಕಚೇರಿಯ ಆಶ್ರಯದಲ್ಲಿರುವ ಇಂಡಿಯನ್ ಕಮ್ಯುನಿಟಿ ಬೆನೆವೊಲೆಂಟ್ ಫೋರಂನವರ ನೆರವು ಕೇಳಿ.

ಕೆಲಸದ ಒಪ್ಪಂದ ಮುಗಿದು ಒಂದು ವರ್ಷ ಕಳೆದರೆ ಬಾಕಿ ಕೇಳುವ ಹಕ್ಕು ಹೋಗುತ್ತದೆ. ಕೆಲಸ ಬಿಟ್ಟು ಊರಿಗೆ ಹೊರಟವರು ಕೊನೆಯ ಲೆಕ್ಕದ ಕಾಗದಕ್ಕೆ ಸಹಿ ಹಾಕುವ ಮೊದಲು ಪ್ರತಿ ಕಡಿತವನ್ನೂ ಓದಿ ನೋಡಿ, ಒಪ್ಪದಿದ್ದರೆ ವಿಮಾನ ಹತ್ತುವ ಮುಂಚೆಯೇ ದೂರು ದಾಖಲಿಸಿ.