ಮಳೆಗಾಲದ ಫ್ರೀಜರ್: ಮೀನು, ಮಾಂಸ ಎಷ್ಟು ದಿನ ಇಡಬಹುದು?

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಪುತ್ತೂರು, ಸುಳ್ಯ, ಕಡಬದ ಕಡೆ ಮೇ ಕೊನೆಯಲ್ಲೇ ಬಂಗುಡೆ, ಅಂಜಲ್ ತಂದು ಫ್ರೀಜರ್ ತುಂಬಿಸುವ ಮನೆಗಳಿವೆ. ತಂಬಿಲ, ನೇಮ ಮುಗಿದ ಮೇಲೆ ಉಳಿದ ಕೋಳಿ, ಹಬ್ಬಕ್ಕೆ ತಂದು ಹೆಚ್ಚಾದ ಮಟನ್ ಅಥವಾ ಹಂದಿ ಮಾಂಸ ಕೂಡ ಅಲ್ಲಿಗೇ ಹೋಗುತ್ತದೆ.

ಈ ವಿಷಯದಲ್ಲಿ ಮೊಬೈಲಿಗೆ ಬರುವ ಮಾತುಗಳು ಎರಡು ಬಗೆಯವು. 'ಫ್ರೀಜರ್‌ನಲ್ಲಿಟ್ಟ ಮಾಂಸ ವಿಷವಾಗುತ್ತದೆ, ತಿನ್ನಲೇಬೇಡಿ' ಎನ್ನುವುದು ಒಂದು. 'ಫ್ರೀಜರ್‌ನಲ್ಲಿ ಇಟ್ಟರೆ ಕ್ರಿಮಿಗಳೆಲ್ಲ ಸಾಯುತ್ತವೆ, ವರ್ಷವಿಟ್ಟರೂ ಏನೂ ಆಗದು' ಎನ್ನುವುದು ಇನ್ನೊಂದು. ಮೊದಲನೆಯದನ್ನು ನಂಬಿದವರು ದುಡ್ಡು ಕೊಟ್ಟು ತಂದದ್ದನ್ನು ಎಸೆಯುತ್ತಾರೆ. ಎರಡನೆಯದನ್ನು ನಂಬಿದವರು ಆಸ್ಪತ್ರೆಯ ದಾರಿ ಹಿಡಿಯಬೇಕಾಗಬಹುದು. ಎರಡೂ ತಪ್ಪು. ಯಾಕೆಂದು ನೋಡೋಣ.

ಫ್ರೀಜರ್ ಮಾಡುವ ಕೆಲಸವೇನು?

ಮಾಂಸವನ್ನು ಕೆಡಿಸುವ ಬ್ಯಾಕ್ಟೀರಿಯಾಗಳು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ವೇಗವಾಗಿ ಹೆಚ್ಚುತ್ತವೆ. ನಮ್ಮ ಅಡುಗೆಮನೆಯ ಬಿಸಿ ಸದಾ ಈ ಮಿತಿಯೊಳಗೇ ಇರುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಈ ಬೆಳವಣಿಗೆ ಪೂರ್ತಿ ನಿಲ್ಲುತ್ತದೆ. ಆದರೆ ಬಹಳಷ್ಟು ಬ್ಯಾಕ್ಟೀರಿಯಾಗಳು ಸಾಯುವುದಿಲ್ಲ, ನಿದ್ದೆ ಹೋದಂತೆ ಇರುತ್ತವೆ. ಮಾಂಸ ಕರಗಿ ಬಿಸಿಯಾದ ಕೂಡಲೇ ಮತ್ತೆ ಎದ್ದು ಬೆಳೆಯತೊಡಗುತ್ತವೆ.

ಅಂದರೆ ಫ್ರೀಜರ್ ಗಡಿಯಾರವನ್ನು ನಿಲ್ಲಿಸುತ್ತದೆ, ಹಿಂದಕ್ಕೆ ತಿರುಗಿಸುವುದಿಲ್ಲ. ಒಳಗೆ ಇಡುವಾಗ ಮಾಂಸ ಹೇಗಿತ್ತೋ ಹೊರಗೆ ತೆಗೆಯುವಾಗಲೂ ಅದಕ್ಕಿಂತ ಚೆನ್ನಾಗಿರಲು ಸಾಧ್ಯವಿಲ್ಲ. 'ಸ್ವಲ್ಪ ವಾಸನೆ ಬರ್ತಿದೆ, ಫ್ರೀಜರ್‌ಗೆ ಹಾಕಿಡು' ಎನ್ನುವುದು ಅದಕ್ಕೇ ಅಪಾಯ.

ಬಂಗುಡೆ, ಬೂತಾಯಿಗೆ ಹೆಚ್ಚಿನ ಎಚ್ಚರ

ಬಂಗುಡೆ, ಬೂತಾಯಿ, ಟ್ಯೂನಾ ಜಾತಿಯ ಮೀನುಗಳಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಮೀನು ಮಂಜುಗಡ್ಡೆಯಿಲ್ಲದೆ ಬಿಸಿಯಲ್ಲಿ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಅಂಥ ಮೀನು ತಿಂದರೆ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗುವುದು, ತಲೆನೋವು, ತುರಿಕೆ, ಮೈಮೇಲೆ ದದ್ದು, ವಾಂತಿ ಕಾಣಿಸಿಕೊಳ್ಳಬಹುದು. 'ನನಗೆ ಮೀನಿನ ಅಲರ್ಜಿ' ಎಂದುಕೊಂಡ ಕೆಲವರಿಗೆ ಆಗಿರುವುದು ನಿಜವಾಗಿ ಇದೇ ಇರಬಹುದು.

ಒಮ್ಮೆ ಹುಟ್ಟಿದ ಹಿಸ್ಟಮಿನ್ ಫ್ರೀಜರ್‌ನಲ್ಲಿಟ್ಟರೂ ಹೋಗದು, ಚೆನ್ನಾಗಿ ಕುದಿಸಿದರೂ ಹೋಗದು. ಮಂಗಳೂರಿನ ಬಂದರಿನಿಂದ ನಮ್ಮ ಊರುಗಳಿಗೆ ಮೀನು ಬರುವ ದಾರಿ ಉದ್ದ. ಆದ್ದರಿಂದ ಐಸ್ ಹಾಕಿದ ಮೀನನ್ನೇ ಕೊಳ್ಳಿ. ಬಿಸಿಲಲ್ಲಿ ಹರಡಿಟ್ಟಿದ್ದರೆ ಬೇಡ ಎನ್ನಿ. ಮನೆಗೆ ತಂದ ಕೂಡಲೇ ಹೊಟ್ಟೆ, ಕಿವಿರು ತೆಗೆದು ತೊಳೆದು ತಣ್ಣಗಿಡಿ.

ಮಾಂಸ ರಬ್ಬರಿನಂತಾಗುವುದೇಕೆ?

'ಫ್ರೀಜರ್‌ಗೆ ಇಟ್ಟರೆ ರುಚಿಯೇ ಇರುವುದಿಲ್ಲ' ಎಂಬ ದೂರಿನಲ್ಲಿ ನಿಜವಿದೆ. ಅದಕ್ಕೆ ಕಾರಣ ಮೂರು.

ಒಂದು, ಅವಸರ. ಕೋಳಿ, ಆಡು ಕಡಿದ ಮೇಲೆ ಮಾಂಸಖಂಡಗಳು ಬಿಗಿಯಾಗಿ, ಆಮೇಲೆ ಸಡಿಲಗೊಳ್ಳುತ್ತವೆ. ಬಿಗಿಯಾಗುವ ಮೊದಲೇ ಫ್ರೀಜ್ ಮಾಡಿದರೆ ಮಾಂಸ ಗಟ್ಟಿಯಾಗುತ್ತದೆ. ಮನೆಯಲ್ಲೇ ಕಡಿದ ಕೋಳಿಯನ್ನು ಮೊದಲು ಫ್ರಿಜ್‌ನ ಕೆಳಗಿನ ಭಾಗದಲ್ಲಿ ಕೆಲವು ಗಂಟೆ, ಮಟನ್ ಆದರೆ ಒಂದು ದಿನ ಇಟ್ಟು, ಆಮೇಲೆ ಫ್ರೀಜರ್‌ಗೆ ಹಾಕಿ.

ಎರಡು, ನಿಧಾನವಾಗಿ ಗಟ್ಟಿಯಾಗುವುದು. ಎರಡು ಕಿಲೋ ಮಾಂಸವನ್ನು ಒಂದೇ ತೊಟ್ಟೆಯಲ್ಲಿ ಮುದ್ದೆ ಮಾಡಿ ಇಟ್ಟರೆ ನಡುಭಾಗ ಗಟ್ಟಿಯಾಗಲು ತುಂಬ ಹೊತ್ತು ಬೇಕು. ನಿಧಾನವಾದಷ್ಟೂ ಒಳಗಿನ ನೀರು ದೊಡ್ಡ ದೊಡ್ಡ ಹರಳಾಗಿ ಮಾಂಸದ ಜೀವಕೋಶಗಳನ್ನು ಹರಿಯುತ್ತದೆ. ಕರಗಿಸುವಾಗ ಹೊರಬರುವ ಕೆಂಪು ನೀರು ಅದೇ. ಅದು ರಕ್ತವಲ್ಲ, ನೀರಿನ ಜತೆ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್. ಒಂದು ಹೊತ್ತಿನ ಅಡುಗೆಗೆ ಬೇಕಾದಷ್ಟನ್ನೇ ತೊಟ್ಟೆಗೆ ಹಾಕಿ, ಪುಸ್ತಕದಂತೆ ಚಪ್ಪಟೆ ಮಾಡಿ ಇಟ್ಟರೆ ಬೇಗ ಗಟ್ಟಿಯಾಗುತ್ತದೆ, ಬೇಗ ಕರಗುತ್ತದೆ.

ಮೂರು, ಗಾಳಿ. ತೊಟ್ಟೆಯೊಳಗೆ ಗಾಳಿಯಿದ್ದರೆ ಮಾಂಸದ ಮೇಲ್ಮೈಯ ನೀರು ನೇರವಾಗಿ ಆವಿಯಾಗಿ ಬಿಳಿ ಅಥವಾ ಕಂದು ಕಲೆಗಳಾಗುತ್ತವೆ. ಇದಕ್ಕೆ 'ಫ್ರೀಜರ್ ಬರ್ನ್' ಎಂಬ ಹೆಸರಿದೆ. ಇದು ವಿಷವಲ್ಲ, ಬೂಸ್ಟೂ ಅಲ್ಲ. ಆ ಭಾಗ ಕೊಯ್ದು ತೆಗೆದು ಉಳಿದದ್ದನ್ನು ಧೈರ್ಯವಾಗಿ ಬಳಸಬಹುದು. ಸ್ಟೀಕ್ ಎನ್ನುವ ದಪ್ಪ ಮಾಂಸದ ತುಂಡಾಗಲಿ, ನಮ್ಮ ಅಂಜಲ್ ಸ್ಲೈಸ್ ಆಗಲಿ, ಒಂದೊಂದನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಮತ್ತೊಂದು ಗಟ್ಟಿ ಕವರಿಗೆ ಹಾಕಿ ಗಾಳಿ ಒತ್ತಿ ತೆಗೆಯಿರಿ. ಮೇಲೆ ತಾರೀಕು ಬರೆಯಿರಿ.

ಎಷ್ಟು ದಿನ ಇಡಬಹುದು?

ಮೈನಸ್ 18 ಡಿಗ್ರಿ ನಿಜವಾಗಿ ಇದ್ದರೆ ರುಚಿಯ ದೃಷ್ಟಿಯಿಂದ ಲೆಕ್ಕ ಹೀಗೆ:

ಬಂಗುಡೆ, ಬೂತಾಯಿಯಂಥ ಕೊಬ್ಬಿನ ಮೀನು: 2ರಿಂದ 3 ತಿಂಗಳು
ಕೊಬ್ಬು ಕಡಿಮೆಯಿರುವ ಮೀನು: ಸುಮಾರು 6 ತಿಂಗಳು
ಕೀಮಾ: 3ರಿಂದ 4 ತಿಂಗಳು
ಹಂದಿ ಮಾಂಸದ ತುಂಡು: 4ರಿಂದ 6 ತಿಂಗಳು
ಮಟನ್ ತುಂಡು: 6ರಿಂದ 9 ತಿಂಗಳು
ಕೋಳಿ ತುಂಡು: 9 ತಿಂಗಳು
ಬೇಯಿಸಿದ ಸಾರು, ಸುಕ್ಕ: 2ರಿಂದ 3 ತಿಂಗಳು

ಕೊಬ್ಬಿನ ಮೀನಿಗೆ ಆಯುಷ್ಯ ಕಡಿಮೆ ಯಾಕೆಂದರೆ, ಬ್ಯಾಕ್ಟೀರಿಯಾ ನಿಂತರೂ ಕೊಬ್ಬು ಗಾಳಿಯ ಆಮ್ಲಜನಕದ ಜತೆ ಸೇರಿ ಕಮಟು ಹಿಡಿಯುವುದು ಫ್ರೀಜರ್‌ನಲ್ಲೂ ನಿಲ್ಲುವುದಿಲ್ಲ. ಉಪ್ಪು ಇದನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಉಪ್ಪು, ಮಸಾಲೆ ಹಚ್ಚಿ ಇಟ್ಟ ಮೀನನ್ನು ಬೇಗ ಮುಗಿಸಿ.

ನಿಮ್ಮ ಮನೆಯ ಫ್ರೀಜರ್ ಯಾವುದು?

ಇಲ್ಲಿ ಫಾರ್ವರ್ಡ್‌ಗಳು ಹೇಳದ ಮಾತೊಂದಿದೆ. ಮೇಲಿನ ಲೆಕ್ಕ ಪ್ರತ್ಯೇಕ ಬಾಗಿಲಿರುವ ಒಳ್ಳೆಯ ಫ್ರೀಜರ್‌ಗೆ. ಸಿಂಗಲ್ ಡೋರ್ ಫ್ರಿಜ್‌ನ ಒಳಗಿರುವ ಸಣ್ಣ ಡಬ್ಬಿಯಂಥ ಫ್ರೀಜರ್‌ನಲ್ಲಿ, ಅದೂ ಮತ್ತೆ ಮತ್ತೆ ಬಾಗಿಲು ತೆಗೆಯುವ ಮನೆಯಲ್ಲಿ, ಮೈನಸ್ 18 ಸಿಗುತ್ತದೆಂದು ನಂಬುವಂತಿಲ್ಲ. ಐಸ್‌ಕ್ರೀಮ್ ಗಟ್ಟಿಯಾಗಿ ನಿಲ್ಲದೆ ಮೆತ್ತಗಿದ್ದರೆ ನಿಮ್ಮ ಫ್ರೀಜರ್‌ಗೆ ಅಷ್ಟು ತಂಪಿಲ್ಲ ಎಂದರ್ಥ. ಅಂಥ ಕಡೆ ಮಾಂಸವನ್ನು ತಿಂಗಳುಗಟ್ಟಲೆ ಇಡದೆ ಒಂದೆರಡು ವಾರದಲ್ಲಿ ಮುಗಿಸುವುದು ಒಳ್ಳೆಯದು.

ಇಂಥ ಫ್ರಿಜ್‌ಗಳಲ್ಲಿ ಡಿಫ್ರಾಸ್ಟ್ ಬಟನ್ ಕೂಡ ಇರುತ್ತದೆ. ಐಸ್ ಕಟ್ಟಿದೆ ಎಂದು ರಾತ್ರಿ ಅದನ್ನು ಒತ್ತಿ ಮಲಗಿದರೆ ಐಸಿನ ಜತೆ ಮೀನೂ ಕರಗುತ್ತದೆ. ಬೆಳಗ್ಗೆ ಎಲ್ಲವೂ ಮತ್ತೆ ಗಟ್ಟಿಯಾಗಿರುವುದರಿಂದ ಯಾರಿಗೂ ತಿಳಿಯುವುದಿಲ್ಲ. ಫ್ರೀಜರ್ ಖಾಲಿಯಿರುವಾಗಲೇ ಡಿಫ್ರಾಸ್ಟ್ ಮಾಡಿ.

ಕರೆಂಟ್ ಹೋದರೆ?

ಗಾಳಿಮಳೆಗೆ ಮರ ತಂತಿಯ ಮೇಲೆ ಬಿದ್ದು ಒಂದೆರಡು ದಿನ ಕರೆಂಟ್ ಇಲ್ಲದಿರುವುದು ನಮ್ಮ ಹಳ್ಳಿಗಳಿಗೆ ಹೊಸತಲ್ಲ. ಲೈಟು, ಫ್ಯಾನಿಗೆಂದು ಹಾಕಿಸಿದ ಇನ್ವರ್ಟರ್ ಸಾಮಾನ್ಯವಾಗಿ ಫ್ರಿಜ್ಜನ್ನು ಎಳೆಯುವುದಿಲ್ಲ. ಬಾಗಿಲು ತೆರೆಯದಿದ್ದರೆ ತುಂಬಿದ ದೊಡ್ಡ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು ಸುಮಾರು 24 ಗಂಟೆ ತಂಪು ಹಿಡಿದಿಡುತ್ತದೆ. ಸಿಂಗಲ್ ಡೋರಿನ ಸಣ್ಣ ಫ್ರೀಜರ್ ಇದಕ್ಕಿಂತ ಬೇಗ ಸೋಲುತ್ತದೆ. 'ಕರಗಿದೆಯಾ ನೋಡೋಣ' ಎಂದು ಗಂಟೆಗೊಮ್ಮೆ ತೆರೆಯುವುದೇ ಕರಗಲು ಕಾರಣವಾಗುತ್ತದೆ.

ಒಂದು ಸುಲಭ ಉಪಾಯವಿದೆ. ಸಣ್ಣ ಲೋಟದಲ್ಲಿ ನೀರು ಗಟ್ಟಿ ಮಾಡಿ, ಅದರ ಮೇಲೊಂದು ನಾಣ್ಯ ಇಟ್ಟು ಫ್ರೀಜರ್‌ನಲ್ಲೇ ಬಿಡಿ. ಕರೆಂಟ್ ಬಂದ ಮೇಲೆ ನಾಣ್ಯ ಮೇಲೆಯೇ ಇದ್ದರೆ ನಿಶ್ಚಿಂತೆ. ತಳಕ್ಕೆ ಇಳಿದಿದ್ದರೆ, ನೀವು ಇಲ್ಲದಾಗ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ. ಎಷ್ಟು ಹೊತ್ತು ಕರಗಿತ್ತೆಂದು ಗೊತ್ತಿಲ್ಲದ ಮಾಂಸವನ್ನು ಎಸೆಯುವುದೇ ಸರಿ.

ಒಮ್ಮೆ ಕರಗಿದ್ದನ್ನು ಮತ್ತೆ ಇಡಬಹುದೇ?

'ಖಂಡಿತ ಕೂಡದು' ಎಂಬ ಮಾತು ಪೂರ್ತಿ ನಿಜವಲ್ಲ. ಎಲ್ಲಿ ಕರಗಿತು ಎನ್ನುವುದು ಮುಖ್ಯ. ಫ್ರಿಜ್‌ನ ಕೆಳಗಿನ ತಟ್ಟಿನಲ್ಲೇ ಕರಗಿ ಇನ್ನೂ ತಣ್ಣಗಿದ್ದರೆ, ಐಸಿನ ಹರಳು ಉಳಿದಿದ್ದರೆ ಮತ್ತೆ ಫ್ರೀಜ್ ಮಾಡಬಹುದು. ರುಚಿ ಸ್ವಲ್ಪ ಇಳಿಯುತ್ತದೆ ಅಷ್ಟೆ. ಹೊರಗೆ ಎರಡು ಗಂಟೆಗಿಂತ ಹೆಚ್ಚು, ಸೆಕೆಯ ದಿನಗಳಲ್ಲಿ ಒಂದು ಗಂಟೆಗಿಂತ ಹೆಚ್ಚು ಇದ್ದರೆ ಬೇಡ.

ಬೆಳಗ್ಗೆ ಸಿಂಕಿನಲ್ಲಿಟ್ಟು ತೋಟಕ್ಕೆ ಹೋಗಿ ಮಧ್ಯಾಹ್ನ ಬಂದು ಪದಾರ್ಥ ಮಾಡುವ ರೂಢಿಯನ್ನು ಬಿಡಬೇಕು. ಒಳಗೆ ಐಸ್ ಇದ್ದರೂ ಹೊರಭಾಗ ಆಗಲೇ ಬಿಸಿಯಾಗಿರುತ್ತದೆ. ಹಿಂದಿನ ರಾತ್ರಿಯೇ ತಟ್ಟೆಯೊಳಗಿಟ್ಟು ಫ್ರಿಜ್‌ನ ಕೆಳಭಾಗಕ್ಕೆ ಇಳಿಸಿ. ಮರೆತರೆ ತೊಟ್ಟೆ ಬಿಗಿ ಕಟ್ಟಿ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ, ಕರಗಿದ ಕೂಡಲೇ ಬೇಯಿಸಿ. ಬಿಸಿನೀರು ಬೇಡ.

ಮುಂದಿನ ಬಾರಿ ಮನೆಯ ಗ್ರೂಪಿಗೆ 'ಫ್ರೀಜರ್ ಮಾಂಸ ವಿಷ' ಎಂಬ ಸಂದೇಶ ಬಂದರೆ ಇಷ್ಟು ಹೇಳಿ: ಒಳಗಿಡುವಾಗ ತಾಜಾ ಇರಲಿ, ಸಣ್ಣ ಪೊಟ್ಟಣವಾಗಿರಲಿ, ಮೇಲೆ ತಾರೀಕು ಇರಲಿ, ಕರಗಿಸುವುದು ಫ್ರಿಜ್‌ನೊಳಗೇ ಆಗಲಿ. ಲೋಟದ ನಾಣ್ಯವನ್ನು ಮೊದಲ ಮಳೆಗೆ ಮುಂಚೆಯೇ ಇಟ್ಟುಬಿಡಿ.