ಹಿಂದೆ ನಡೆಯುವವರು

ಸರ್ವಜ್ಞನ ಪಾಠ ಮುಗಿಸಿ ಹೊರಬಂದಾಗ ಸಿರವಾರದ ಕಡೆಯ ವಿದ್ಯಾರ್ಥಿಯೊಬ್ಬನು ನನ್ನನ್ನು ತಡೆದು ಕೇಳಿದನು: “ಸರ್, ನಾನು ಕ್ರೈಸ್ತ. ಈ ತ್ರಿಪದಿಗಳೆಂದರೆ ನನಗೆ ಬಹಳ ಇಷ್ಟ. ಇವನ್ನು ಬಾಯಿಪಾಠ ಮಾಡಿದರೆ ಯೇಸುವಿನ ಅನುಯಾಯಿ ಎನಿಸಿಕೊಳ್ಳುವುದಕ್ಕೆ ಕುಂದು ಬರುತ್ತದೆಯೆ?” ಯಾರೋ ಹಾಗೆಂದು ಅವನನ್ನು ಹಂಗಿಸಿದ್ದರಂತೆ.

ನಾನು ಕ್ರೈಸ್ತನಲ್ಲ, ಆ ಧರ್ಮದ ತತ್ತ್ವವನ್ನು ವಿಧಿಸುವ ಅಧಿಕಾರವೂ ನನಗಿಲ್ಲ. ಆದರೆ ಶಬ್ದಗಳ ಅರ್ಥ ಹೇಳುವುದು ನನ್ನ ವೃತ್ತಿ. ‘ಅನುಯಾಯಿ’ ಎಂದರೆ ಹಿಂದೆ ನಡೆಯುವವನು. ಬರಿಯ ಹೆಸರು ಹೊತ್ತವನಲ್ಲ. ಸುವಾರ್ತೆಗಳ ಸಾಕ್ಷ್ಯವೂ ಇದೇ. ಗಲಿಲಾಯ ಸಮುದ್ರದ ದಡದ ಬೆಸ್ತರು ಕರೆ ಕೇಳಿದೊಡನೆ ಬಲೆಗಳನ್ನು ಬಿಟ್ಟು ಎದ್ದು ನಡೆದರು. ಅವರಲ್ಲೊಬ್ಬನಾದ ಪೇತ್ರನು ಮುಂದೆ ತನ್ನ ಗುರುವನ್ನೇ ಅರಿಯೆನೆಂದು ಮೂರು ಸಲ ನುಡಿದನು. ಅವನನ್ನು ಮತ್ತೆ ಕರೆದಾಗ ಯೇಸು ಕೇಳಿದ್ದು ಪ್ರೀತಿಯನ್ನು. ಒಪ್ಪಿಸಿದ್ದು ಮಂದೆ ಕಾಯುವ ಕೆಲಸವನ್ನು. ಅನುಯಾಯಿಯು ಎಡವದವನಲ್ಲ, ಎಡವಿದ ಮೇಲೆಯೂ ಮತ್ತೆ ಹೆಜ್ಜೆಯಿಡುವವನು.

ಆ ತರುಣನಿಗೆ ನಾನು ಉತ್ತಂಗಿ ಚನ್ನಪ್ಪನವರ (1881–1962) ಮಾತು ತೆಗೆದೆನು. ಅವರು ಬಾಸೆಲ್ ಮಿಶನ್ನಿನ ಪಾದ್ರಿಗಳು. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿ, 1924ರಲ್ಲಿ ಪ್ರಕಟಿಸಿದವರು ಅವರೇ. ಬಸವಾದಿ ಶರಣರ ಅನುಭವ ಮಂಟಪವನ್ನು ಕುರಿತೂ ಶ್ರದ್ಧೆಯಿಂದ ಬರೆದರು. ನಿಜಾಮನ ಆಳ್ವಿಕೆಯಿಂದ ನಮ್ಮ ಸೀಮೆ ಬಿಡುಗಡೆ ಹೊಂದಿದ ಮರುವರ್ಷ, 1949ರಲ್ಲಿ, ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಇಷ್ಟಾಗಿಯೂ ಅವರು ಕೊನೆಯವರೆಗೆ ಕ್ರಿಸ್ತಭಕ್ತರಾಗಿಯೇ ಉಳಿದರು. ಎಲ್ಲ ಧರ್ಮಗಳೂ ಒಂದೇ ಎಂದು ಸುಲಭವಾಗಿ ಹೇಳಿ ಕೈತೊಳೆದುಕೊಂಡವರಲ್ಲ. ತಮ್ಮ ದಾರಿಯಲ್ಲಿ ನಿಶ್ಚಲರಾಗಿದ್ದುದರಿಂದಲೇ ಪರರ ಮಾತಿಗೆ ನಿರ್ಭಯವಾಗಿ ಕಿವಿಗೊಟ್ಟರು.

ಶಿಷ್ಯರ ಕಾಲು ತೊಳೆದ ಗುರುವಿನ ಹಿಂದೆ ಹೊರಟವರು ಬಾಗುವುದಕ್ಕೆ ನಾಚಬಾರದು. ನೆರೆಯವನ ನುಡಿಯನ್ನು ಆದರದಿಂದ ಆಲಿಸುವುದೂ ಒಂದು ಬಗೆಯ ಬಾಗುವಿಕೆಯೇ ಅಲ್ಲವೆ? ಹಾಗೆ ಆಲಿಸಿದವನನ್ನು ಹಂಗಿಸುವವರು, ಅವರು ಯಾವ ಮತದವರೇ ಆಗಲಿ, ತಾವು ಯಾರ ಹಿಂದೆ ನಡೆಯುತ್ತಿರುವೆವೆಂಬುದನ್ನು ಒಮ್ಮೆ ನಿಂತು ನೋಡಿಕೊಳ್ಳಲಿ.

ನಮ್ಮ ಎರೆಹೊಲಗಳಲ್ಲಿ ಎತ್ತಿನ ಕೂರಿಗೆಯ ಹಿಂದೆ ಹೆಣ್ಣುಮಕ್ಕಳು ಅಕ್ಕಡಿಕಾಳು ಬಿತ್ತುತ್ತ ನಡೆಯುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಸಾಲು ಕೂರಿಗೆ ತೋರಿದ್ದು. ಬಿತ್ತುವ ಕೈ ಅವರದು. ಯಾರು ಎಷ್ಟು ನಿಷ್ಠೆಯಿಂದ ಹಿಂದೆ ನಡೆದರೆಂಬುದನ್ನು ಯಾರೂ ಸಾರಬೇಕಾಗಿರಲಿಲ್ಲ. ಮೊಳಕೆಯೊಡೆದ ಮೇಲೆ ಹೊಲವೇ ಅದನ್ನು ಹೇಳುತ್ತಿತ್ತು.